ಹೆಸರು ಅವನದು, ಮುಖ ನನ್ನದು

"ಹೆಸರು ನನ್ನದು, ಮುಖ ನಿನ್ನದು. ಏನಯ್ಯ ಇದು?" ಎನ್ನುತ್ತಾ ಎದುರಂಗಡಿಯ ಕ್ಷೌರಿಕ ನನ್ನ ಹೊಲಿಗೆ ಯಂತ್ರದ ಮೇಲೆ ಒಂದು ಕಾರ್ಡು ಇಟ್ಟ. ಅವನ ವಿಳಾಸಕ್ಕೆ ಅಂಚೆಯಲ್ಲಿ ಬಂದ ಸರ್ಕಾರದ ಆರೋಗ್ಯ ಕಾರ್ಡು. ಎಚ್‌ಐವಿ ಇರುವ ಬಡವರಿಗೆಲ್ಲ ಇನ್ನು ಮುಂದೆ ಔಷಧಿ, ತಪಾಸಣೆ ಎಲ್ಲವೂ ಉಚಿತ ಎಂದು ಜೊತೆಗಿದ್ದ ಕಾಗದ ಹೇಳುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಗಡ್ಡ ಮುಟ್ಟಿ ನೋಡಿಕೊಂಡೆ.

ಒಂಬತ್ತು ವರ್ಷದ ಹಿಂದೆ ಈ ಕಾಯಿಲೆ ಇದೆ ಎಂದು ಗೊತ್ತಾಗಿ ಧರ್ಮಾಸ್ಪತ್ರೆಗೆ ಹೋದಾಗ ನರ್ಸು ನನ್ನ ಹೆಸರು ಕೇಳಿದ್ದಳು. ನಿಜ ಹೇಳಿದರೆ ಬೀದಿಯೆಲ್ಲ ಡಂಗುರವಾದೀತೆಂಬ ಹೆದರಿಕೆ. ಸುಳ್ಳು ಹೇಳೋಣವೆಂದರೆ ಒಂದು ಹೆಸರೂ ಹೊಳೆಯಲಿಲ್ಲ. ಯಂತ್ರದ ಮುಂದೆ ಕೂತು ದಿನವಿಡೀ ನಾನು ನೋಡುವುದು ಎದುರಂಗಡಿಯ ಬೋರ್ಡನ್ನು. ಅದನ್ನೇ ಒಪ್ಪಿಸಿಬಿಟ್ಟೆ, ವಿಳಾಸ ಸಮೇತ. ಫೋಟೋ ಮಾತ್ರ ನನ್ನದೇ ಹಿಡಿದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅವನ ಹೆಸರಿನಲ್ಲಿ ಮಾತ್ರೆ ನುಂಗುತ್ತಾ, ನನ್ನಂಥ ಜಾಣ ಈ ಬೀದಿಯಲ್ಲೇ ಇಲ್ಲ ಎಂದುಕೊಂಡಿದ್ದೆ. ಈಗ ಆ ಆಸ್ಪತ್ರೆ ಮುಚ್ಚಿತ್ತು, ರೋಗಿಗಳ ಪಟ್ಟಿ ಸರ್ಕಾರದ ಕೈ ಸೇರಿತ್ತು. ನನ್ನ ಡಬ್ಬಿಯಲ್ಲಿ ಉಳಿದಿದ್ದು ಹನ್ನೊಂದೇ ಮಾತ್ರೆ.

"ನನ್ನ ಹೆಂಡತಿ ಕಾಗದ ಓದಿ ಅರ್ಧ ಗಂಟೆ ಅತ್ತಳು," ಎಂದ ಕ್ಷೌರಿಕ. "ಆಮೇಲೆ ಕಾರ್ಡಲ್ಲಿ ನಿನ್ನ ಮುಖ ನೋಡಿ ಇನ್ನರ್ಧ ಗಂಟೆ ಅತ್ತಳು."

"ತಪ್ಪಾಯ್ತು ಕಣಯ್ಯ. ಬೇಕಾದ್ರೆ ಎರಡೇಟು ಬಿಡು."

"ನೀನು ಗಡ್ಡ ಬಿಟ್ಟಿದ್ದೂ ಇದಕ್ಕೇನಾ?"

ಹೌದೆಂದು ತಲೆಯಾಡಿಸಿದೆ. ಅವನ ಕ್ಷೌರದ ಕತ್ತಿಗೆ ನನ್ನ ರಕ್ತ ತಾಗಬಾರದೆಂದು ಅವನ ಕುರ್ಚಿ ಹತ್ತುವುದನ್ನೇ ಬಿಟ್ಟಿದ್ದೆ. ಕೇಳಿದವರಿಗೆಲ್ಲ ವೈರಾಗ್ಯ ಬಂದಿದೆ ಎಂದಿದ್ದೆ. ಒಬ್ಬಿಬ್ಬರು ಕೈ ಕೂಡ ಮುಗಿದಿದ್ದರು.

"ನನ್ನ ಕೈ ಒರಟಾಯ್ತು ಅಂತ ಬಿಟ್ಟೆ ಅಂದ್ಕೊಂಡು ಒಂಬತ್ತು ವರ್ಷ ಒಳಗೊಳಗೇ ಕೊರಗಿದ್ದೀನಿ. ಅಲ್ಲಯ್ಯ, ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಅಂತ ಬೋರ್ಡಲ್ಲೇ ಬರ್ಸಿದ್ದೀನಿ. ನನ್ನ ಹೆಸರು ಓದೋಕೆ ಬಂತು, ಅದು ಓದೋಕೆ ಬರ್ಲಿಲ್ವಾ?"

ಕತ್ತೆತ್ತಿ ನೋಡಿದೆ. ಹೆಸರಿನ ಕೆಳಗೆ ಅಷ್ಟು ದಪ್ಪಗೆ ಬರೆದಿತ್ತು. ನಾಚಿಕೆಯಾಯಿತು. ಕಾರ್ಡು ಸರಿಯಾಗದಿದ್ದರೆ ಎಂಬ ಭಯ ಅದಕ್ಕಿಂತ ಹೆಚ್ಚಾಯಿತು. ಮರುದಿನ ಅವನು ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಕಾರ್ಡು ಕೊಡುವ ಕಚೇರಿಗೆ ಬಂದ.

ಗುಮಾಸ್ತೆ ಎಲ್ಲ ಕೇಳಿ, ನಗು ತಡೆಯಲು ರಿಜಿಸ್ಟರನ್ನು ಮುಖಕ್ಕೆ ಅಡ್ಡ ಹಿಡಿದಳು. "ನನಗೆ ಕಾಯಿಲೆ ಇಲ್ಲ ಅಂತ ಅವರು ಬರ್ಕೊಡ್ಲಿ. ನನಗೆ ಇದೆ ಅಂತ ನೀವು ಬರ್ಕೊಡಿ, ನಿಮ್ಮ ಸ್ವಂತ ಹೆಸರಲ್ಲಿ. ಇಲ್ದಿದ್ರೆ ಮಾತ್ರೆ ಸಿಗಲ್ಲ. ಅಲ್ಲಿ ಕೂತಿರಿ, ಕೂಗ್ತೀನಿ."

"ಹೆಸರು ಜೋರಾಗಿ ಕೂಗ್ತೀರಾ, ತಾಯಿ?"

"ಇಲ್ಲಿ ಕೂತಿರೋರೆಲ್ಲ ಅದೇ ಕಾಯಿಲೆಗೆ ಬಂದೋರು ಅಣ್ಣ. ಯಾರಿಗೆ ಹೆದರ್ತೀರಿ?"

ಬೆಂಚಿನ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಅವಳು ಕ್ಷೌರಿಕನ ಹೆಸರು ಕೂಗಿದಳು. ನಾನು ಥಟ್ಟನೆ ಎದ್ದು ನಿಂತೆ. ಅವನು ನನ್ನ ಅಂಗಿ ಜಗ್ಗಿ ಕೂರಿಸಿ, ತಾನು ಹೋಗಿ ಸಹಿ ಹಾಕಿ ಬಂದ.

ಅವಳು ಮತ್ತೊಂದು ಹೆಸರು ಕೂಗಿದಳು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿದಳು. ಪಾಪ, ಯಾರೋ ಹೆದರಿ ಕೂತಿದ್ದಾನೆ ಎಂದು ನಾನೂ ಹಿಂದಕ್ಕೆ ತಿರುಗಿ ಹುಡುಕಿದೆ. ಕ್ಷೌರಿಕ ನನ್ನ ಗಡ್ಡ ಹಿಡಿದು ಮುಖವನ್ನು ಮುಂದಕ್ಕೆ ತಿರುಗಿಸಿದ.