ಮುಂದಕ್ಕೆ ಹೋದ ನಿವೃತ್ತಿ

ಟ್ಯಾಂಕಣ್ಣ ಎರಡೂ ಕೈಯಲ್ಲಿ ವಾಲ್ವಿನ ಚಕ್ರ ಹಿಡಿದು ತಿರುಗಿಸಿ ನೀರು ನಿಲ್ಲಿಸಿದ. ಇನ್ನು ಅದನ್ನು ತೆರೆಯಬೇಕಾದವಳು ಅವನ ಮಗಳು. ನೀರು ಸರಬರಾಜಿನವರಲ್ಲಿ ಅದೊಂದು ಪದ್ಧತಿ. ನಿವೃತ್ತನಾಗುವವನು ಮುಚ್ಚಬೇಕು, ಅವನ ಜಾಗಕ್ಕೆ ಬರುವವರು ತೆರೆಯಬೇಕು. ಅಷ್ಟು ಹೊತ್ತು ಬಡಾವಣೆಗೆ ನೀರು ನಿಂತರೂ ಯಾರೂ ಚಕಾರ ಎತ್ತುವುದಿಲ್ಲ. ನೀರಿನ ಟ್ಯಾಂಕು ಕಾಯುತ್ತಲೇ ತಲೆ ನೆರೆಸಿಕೊಂಡ ಅವನ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಈ ಬೀಳ್ಕೊಡುಗೆಯ ಭಾಷಣದಲ್ಲೇ ಕೇಳಿಬಂದಿದ್ದು. ಮಗಳು ತೋಳೇರಿಸಿಕೊಂಡು ಚಕ್ರಕ್ಕೆ ಕೈ ಹಚ್ಚಿದಳು.

ಅಷ್ಟರಲ್ಲಿ ನೌಕರರ ಸಂಘದ ಕಾರ್ಯದರ್ಶಿ ಫೋನನ್ನು ಕಿವಿಗಿಟ್ಟುಕೊಂಡೇ ಪಂಪ್‌ಹೌಸಿನೊಳಗೆ ಓಡಿಬಂದ. ಸರ್ಕಾರ ನಿವೃತ್ತಿಯ ವಯಸ್ಸನ್ನು ಎರಡು ವರ್ಷ ಏರಿಸಿದೆ, ಇವತ್ತು ನಿವೃತ್ತರಾಗುವವರಿಗೂ ಅದು ಅನ್ವಯ ಎಂದ. ಚುನಾವಣೆ ಹೊಸ್ತಿಲಿಗೆ ಬಂದಾಗ ಸರ್ಕಾರಕ್ಕೆ ಕೆಲಸಗಾರರ ಮೇಲೆ ಪ್ರೀತಿ ಉಕ್ಕುವುದು ಹೊಸದಲ್ಲ, ಆದರೆ ಇಷ್ಟು ಗಳಿಗೆ ನೋಡಿ ಉಕ್ಕಿದ್ದು ಇದೇ ಮೊದಲು. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೆರಡು ವರ್ಷ ಇವನ ಗೊರಕೆ ಕೇಳಬೇಕಲ್ಲಪ್ಪ ಎಂದು ಜೊತೆಯವನೊಬ್ಬ ಛೇಡಿಸಿದ. ಟ್ಯಾಂಕಣ್ಣನೂ ಅಭ್ಯಾಸಬಲದಿಂದ ಒಂದೆರಡು ಚಪ್ಪಾಳೆ ತಟ್ಟಿ ಮಗಳ ಕಡೆ ನೋಡಿದ. ಅವಳ ಕೈ ಇನ್ನೂ ಚಕ್ರದ ಮೇಲೇ ಇತ್ತು.

“ಕೈ ತೆಗಿಯಮ್ಮ,” ಎಂದ ಕಾರ್ಯದರ್ಶಿ, “ಇನ್ನೂ ನಿಮ್ಮಪ್ಪಂದೇ ಡ್ಯೂಟಿ.”

ಅವಳು ಕೈ ತೆಗೆದಳು. ತಾನು ಮುಚ್ಚಿದ ವಾಲ್ವನ್ನು ಟ್ಯಾಂಕಣ್ಣ ತಾನೇ ತೆರೆದ.

ವಯಸ್ಸು ತುಂಬಿ ನಿವೃತ್ತನಾದವನ ಜಾಗ ಅವನ ಮಕ್ಕಳಲ್ಲಿ ಒಬ್ಬರಿಗೆ ಸಿಗುತ್ತದೆ, ಆದರೆ ಆ ಮಕ್ಕಳಿಗೆ ಮೂವತ್ತೈದು ದಾಟಿರಬಾರದು. ಇದು ಇಲಾಖೆಯ ನಿಯಮ. ಮಗಳಿಗೆ ಬರುವ ವರ್ಷ ಅದು ದಾಟುತ್ತದೆ. ಗಂಡ ಬಿಟ್ಟುಹೋದ ಮೇಲೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಸೊಂಟ ಮುರಿದುಕೊಂಡು ಪುಟ್ಟ ಮಗಳನ್ನು ಸಾಕುತ್ತಿದ್ದವಳು, ಅಪ್ಪನ ಜಾಗ ಗ್ಯಾರಂಟಿ ಎಂದು ಹೋದ ವಾರವಷ್ಟೇ ಆ ಕೆಲಸ ಬಿಟ್ಟಿದ್ದಳು. ಮರುದಿನವೇ ಅವಳ ಮೆಷಿನ್ನಿಗೆ ಬೇರೊಬ್ಬಳು ಬಂದು ಕೂತಾಗಿತ್ತು. ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ವಯಸ್ಸು ಏರಿಸಿ ಎಂದು ಹಿಂದೊಮ್ಮೆ ಬೀದಿಯಲ್ಲಿ ಗಂಟಲು ಹರಿಯುವಂತೆ ಕೂಗಿದವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವನು ಟ್ಯಾಂಕಣ್ಣನೇ. ಆಗ ಅಳಿಯ ಮನೆಯಲ್ಲಿದ್ದ, ಮಗಳಿಗೆ ತನ್ನ ಕೆಲಸ ಬೇಕಾದೀತೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಜನ ಚದುರಿದ ಮೇಲೆ ಅವನು ಹೆಡ್ ಕ್ಲರ್ಕನ್ನು ಪಕ್ಕಕ್ಕೆ ಕರೆದು, ತಾನೇ ರಾಜೀನಾಮೆ ಕೊಟ್ಟರೆ ಆಗುವುದಿಲ್ಲವೇ ಎಂದು ಕೇಳಿದ. ಹೆಡ್ ಕ್ಲರ್ಕ್ ಒಳ್ಳೆಯ ಮನುಷ್ಯ. ತಾನಾಗಿ ಬಿಟ್ಟವನ ಮಕ್ಕಳಿಗೆ ಜಾಗ ಕೊಡುವುದಿಲ್ಲ, ವಯಸ್ಸಿನ ಮಿತಿ ಸಡಿಲಿಸುವುದು ತನ್ನ ಕೈಯಲ್ಲಾಗಲಿ ತನ್ನ ಮೇಲಿನವರ ಕೈಯಲ್ಲಾಗಲಿ ಇಲ್ಲ ಎಂದು ಸಮಾಧಾನದಿಂದಲೇ ಬಿಡಿಸಿ ಹೇಳಿದ. ಟ್ಯಾಂಕಣ್ಣ ಜಪ್ಪಯ್ಯ ಎಂದರೂ ಬಿಡಲಿಲ್ಲ. ಬೇರೆ ಯಾವ ದಾರಿಯೂ ಇಲ್ಲವೇ ಎಂದು ಮತ್ತೆ ಮತ್ತೆ ಕೇಳಿದ.

“ಸರ್ವೀಸಲ್ಲಿ ಇದ್ದಾಗ್ಲೇ ತೀರಿಕೊಂಡ್ರೆ ಮಾತ್ರ ಮಕ್ಕಳ ವಯಸ್ಸು ನೋಡಲ್ಲ,” ಎಂದ ಹೆಡ್ ಕ್ಲರ್ಕ್. ಅಂದವನೇ ನಾಲಿಗೆ ಕಚ್ಚಿಕೊಂಡ. “ಬಿಡಿ ಟ್ಯಾಂಕಣ್ಣ, ಆ ಮಾತೆಲ್ಲ ಈಗ್ಯಾಕೆ.”

“ಹೌದಾ,” ಎಂದ ಟ್ಯಾಂಕಣ್ಣ.

ನಲ್ಲಿಯ ಹತ್ತಿರ ಟೀ ಲೋಟ ತೊಳೆಯುತ್ತಿದ್ದ ಮಗಳಿಗೆ ಇಬ್ಬರ ಮಾತೂ ಕೇಳಿಸಿತು. ಅಪ್ಪನ ಆ ‘ಹೌದಾ’ ಕೇಳಿ ಅವಳು ನಲ್ಲಿ ನಿಲ್ಲಿಸಿ ತಿರುಗಿ ನೋಡಿದಳು. ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ವಿಚಾರಿಸಿ ತಿಳಿದುಕೊಂಡವನ ದನಿ ಅದು. ಮನೆಯ ದಾರಿಯುದ್ದಕ್ಕೂ ಅವನು ಎಂದೂ ಇಲ್ಲದಷ್ಟು ಮಾತಾಡಿದ. ಮನೆಗೆ ಬಂದು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾನೇ ಉಣಿಸಿದ. ಯಾವ ಕಾಗದ ಯಾವ ಪೆಟ್ಟಿಗೆಯಲ್ಲಿದೆ ಎಂದು, ಯಾರೂ ಕೇಳದಿದ್ದರೂ, ಮಗಳಿಗೆ ಹೇಳಿದ. ಅವಳು ಹೂಂಗುಟ್ಟಿದಳು, ಕೇಳಿಸಿಕೊಳ್ಳಲಿಲ್ಲ.

ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಅವನು ಹೊರಟುಹೋಗಿದ್ದ. ಟ್ಯಾಂಕು ಹತ್ತುವಾಗ ಸೊಂಟಕ್ಕೆ ಕಟ್ಟಿ ಏಣಿಗೆ ಕೊಕ್ಕೆ ಹಾಕುವ ಬೆಲ್ಟು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ತಲೆಯನ್ನೂ ಬಾಚದೆ, ಬೆಲ್ಟು ಹಿಡಿದು ಓಡಿದಳು. ಅವನು ಏಣಿಯ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಮೇಲೆ ನೋಡುತ್ತ ನಿಂತಿದ್ದ.

“ಮರ್ತು ಬಂದೆ,” ಎಂದ, ಅವಳ ಮುಖ ನೋಡದೆ.

ಬಯ್ಯಬೇಕೆಂದುಕೊಂಡೇ ಬಂದಿದ್ದವಳು, ಶಾಲೆಗೆ ಹೊರಟ ಮಗುವಿಗೆ ಕಟ್ಟುವ ಹಾಗೆ ಅವನ ಸೊಂಟಕ್ಕೆ ಬೆಲ್ಟು ಬಿಗಿದು, ಜಗ್ಗಿ ನೋಡಿದಳು. ಅವನು ಹತ್ತತೊಡಗಿದ. ಏಣಿ ಅಲುಗಿದಂತಾಗಿ ಕೆಳಗೆ ನೋಡಿದರೆ ಮಗಳೂ ಅವನ ಕಾಲ ಕೆಳಗೇ ಹತ್ತುತ್ತಿದ್ದಳು. ಅವನು ಕೈಬಿಟ್ಟರೆ ನೇರವಾಗಿ ಅವಳ ಮೇಲೇ ಬೀಳಬೇಕು.

“ಇಳಿಯೇ ಕೆಳಗೆ,” ಎಂದ. “ದಿನಾ ಹೀಗೇ ಬರ್ತೀಯಾ?”

“ಬರ್ತೀನಿ,” ಎಂದಳು. “ನೀನು ರಿಟೈರ್ ಆಗೋವರೆಗೂ.”