ಹೆಸರು ಬರೆಯದ ಬೋರ್ಡು

ವಿದ್ಯಾನಗರದ ನನ್ನ ಮನೆಯಲ್ಲಿ ಏನೂ ಬರೆಯದ ಒಂದು ಬಿಳಿ ಎನಾಮಲ್ ಬೋರ್ಡಿದೆ. ಅದನ್ನು ಒರೆಸುವಾಗಲೆಲ್ಲ ಭದ್ರಾವತಿಯ ಆ ಮಧ್ಯಾಹ್ನ ಕಣ್ಣಮುಂದೆ ಬರುತ್ತದೆ.

ಅಲ್ಲಿ ನಮ್ಮ ಹಳೆಯ ಮನೆಯ ಹಿಂದಿನ ಶೆಡ್ಡಿನಲ್ಲಿ ಅಪ್ಪ ಅಮ್ಮ ಸೇರಿ ಕಬ್ಬಿಣದ ತಗಡಿನ ನಾಮಫಲಕ ಮಾಡುತ್ತಿದ್ದರು. ಗಾಜಿನ ಪುಡಿ, ಜೇಡಿಮಣ್ಣು, ಚಿಟಿಕೆ ಬಿಳಿಗಾರ ಸೇರಿಸಿ, ನೀರು ಹಾಕಿ ನುಣ್ಣಗೆ ಅರೆಯುವುದು ಅಮ್ಮನ ಕೆಲಸ. ಮೊದಲು ತಗಡನ್ನು ಕಚ್ಚಿ ಹಿಡಿಯುವ ಕಪ್ಪು ಲೇಪ. ಅದನ್ನು ಸುಟ್ಟ ಮೇಲೆ ಬಿಳಿಯದು. ಭಟ್ಟಿಯಿಂದ ಬಂದ ಬೋರ್ಡನ್ನು ಅವಳು ಬಾಗಿಲ ಬೆಳಕಿಗೆ ಹಿಡಿದು, "ಒಂದು ಕಲೆನೂ ಇಲ್ಲ ನೋಡ್ರಿ" ಎಂದು ಬೀಗುತ್ತಿದ್ದಳು.

ಅಮ್ಮ ತೀರಿಕೊಂಡು ಎಷ್ಟೋ ದಿನಗಳಾದ ಮೇಲೆ ಅಪ್ಪ ಶೆಡ್ಡಿನ ಬಾಗಿಲು ತೆಗೆದರು. ಆಸ್ಪತ್ರೆಗೆ ಹೋಗುವ ಮುನ್ನ ಅವಳು ಬಿಳಿ ಬಳಿದು ಒಣಗಲು ಇಟ್ಟಿದ್ದ ಬೋರ್ಡು ಹಲಗೆಯ ಮೇಲೆ ಹಾಗೇ ಇತ್ತು. ಅದರ ಮೂಲೆಯಲ್ಲಿ ಅವಳ ಹೆಬ್ಬೆರಳಿನ ಗುರುತು ಮೂಡಿತ್ತು. ಬೇರೆ ದಿನವಾಗಿದ್ದರೆ ಅವಳೇ ತೊಳೆದು ಮತ್ತೆ ಬಳಿಯುತ್ತಿದ್ದಳು. ಒಣಗಿದ ಪುಡಿ ಆಗಲೇ ಉದುರತೊಡಗಿತ್ತು.

"ಹಂಗೇ ಇರ್ಲಿ ಅಪ್ಪ," ಎಂದೆ.

"ಇಟ್ರೆ ಉದುರಿ ಹೋಗತ್ತೆ ಕಣೋ. ಸುಟ್ರೆ ಗಾಜು ಕರಗಿ ಗುರುತು ಮುಚ್ಕೊಳ್ಳತ್ತೆ."

ಬಹಳ ಹೊತ್ತು ಅದರ ಮುಂದೆ ಕೂತಿದ್ದರು. ಕೊನೆಗೆ, "ಸ್ವಲ್ಪನಾದ್ರೂ ಉಳಿದ್ರೆ ಸಾಕು" ಎನ್ನುತ್ತಾ ಕೆಂಪಗೆ ಕಾದ ಭಟ್ಟಿಯೊಳಗೆ ಇಟ್ಟರು.

ತಣ್ಣಗಾದ ಮೇಲೆ ಬೋರ್ಡನ್ನು ಬಾಗಿಲ ಬೆಳಕಿಗೆ ಹಿಡಿದು, ಆ ಮೂಲೆಯ ಮೇಲೆ ತಮ್ಮ ಹೆಬ್ಬೆರಳು ಆಡಿಸಿದರು. ಮತ್ತೆ ಮತ್ತೆ ಆಡಿಸಿದರು.

"ಒಂದು ಕಲೆನೂ ಇಲ್ಲ ಕಣೇ," ಎಂದರು.