ಎಂಟು ಗಂಟೆಯ ನಗು

ರಾತ್ರಿ ಎಂಟಕ್ಕೆ ಹಾಸ್ಯ ಧಾರಾವಾಹಿ ಬರಬೇಕೆಂದು ಚಾನೆಲ್ಲಿನಲ್ಲಿ ಕೆಲಸಕ್ಕಿದ್ದಾಗ ಹಟ ಹಿಡಿದವಳು ನಾನೇ. ಆ ಹೊತ್ತಿಗೆ ಕುಕ್ಕರುಗಳೆಲ್ಲ ಕೂಗಿ ಮುಗಿದಿರುತ್ತಿದ್ದವು. ಇಡೀ ಬೀದಿ ಒಂದೇ ಸಲ ನಗುತ್ತಿತ್ತು. ಈಗ ಹೊತ್ತು ಗೊತ್ತುಮಾಡುವ ನನ್ನಂಥವರು ಯಾರಿಗೂ ಬೇಡ. ಪ್ರತಿಯೊಬ್ಬರಿಗೂ ಚಾನೆಲ್ಲೇ ಹೊಂದಿಸಿ ಕಳಿಸುವ ಅವರವರದೇ ಧಾರಾವಾಹಿ, ಅವರವರದೇ ಹೊತ್ತು. ಒಂದು ಟಿವಿಯ ಮುಂದೆ ಇಬ್ಬರು ಕೂತರೆ, ಯಾರದನ್ನು ತೋರಿಸಬೇಕೆಂದು ತಿಳಿಯದೆ ಅದು ಕಪ್ಪಾಗಿಬಿಡುತ್ತದೆ.

ನನಗೆ ಏಳೂವರೆಗೆ ಆಫೀಸಿನ ತಮಾಷೆ. ಪಕ್ಕದ ಮನೆಯ ಪುಟ್ಟತಾಯಮ್ಮನಿಗೆ ಎಂಟಕ್ಕೆ ಅತ್ತೆ-ಸೊಸೆಯರ ಜಗಳ. ಗೋಡೆಯಾಚೆ ಅವಳು ಒಬ್ಬಳೇ ನಗುವುದನ್ನು ಕೇಳಿ ಕೇಳಿ ಸಾಕಾಗಿ ಚಾನೆಲ್ಲಿಗೆ ಫೋನ್ ಮಾಡಿದೆ.

"ನನಗೂ ಅವಳದ್ದೇ ಹಾಕಿ."

"ನಿಮಗೆ ನಗು ಬರಲ್ಲ ಮೇಡಂ," ಎಂದ ಅಲ್ಲಿನವನು.

"ಬರದಿದ್ರೆ ಬೇಡ. ಹಾಕಿ."

ಮರುದಿನ ಎಂಟಕ್ಕೆ ಅತ್ತೆ-ಸೊಸೆ ಬಂದರು. ನನಗೆ ನಗು ಬರಲಿಲ್ಲ, ನಿಜ. ಪುಟ್ಟತಾಯಮ್ಮ ನಕ್ಕಾಗ ನಗೋಣವೆಂದು ಕಾದೆ. ಗೋಡೆಯಾಚೆ ಸದ್ದೇ ಇಲ್ಲ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಅವಳೇ. ಕಂಕುಳಲ್ಲಿ ಚಾಪೆ. ಹಿಂದೆಲ್ಲ ಟಿವಿ ಇದ್ದವರ ಮನೆಗೆ ಹೀಗೇ ಹೋಗುತ್ತಿದ್ದೆವು.

"ನಿಮ್ದೇ ನಂಗೂ ಹಾಕಿ ಅಂತ ನಾನು ಚಾನೆಲ್ಲಿಗೆ ಫೋನ್ ಮಾಡಿದ್ದೆ ಕಣಕ್ಕ. ಏಳೂವರೆಗೆ ಬಂತು. ಒಸಿನೂ ಗೊತ್ತಾಗ್ನಿಲ್ಲ. ನಿಮ್ ನಗುವೂ ಕೇಳ್ನಿಲ್ಲ."

ಅವಳು ಚಾಪೆ ಹಾಸಿ ಕೂತದ್ದೇ ಟಿವಿ ಕಪ್ಪಾಯಿತು.

"ಹೋಗ್ಲಿ, ನನ್ನ ಧಾರಾವಾಹಿಲಿ ಆಫೀಸಿನವರು ಏನು ಮಾಡಿದ್ರು ಹೇಳು," ಎಂದೆ.

ಅವಳು ಮ್ಯಾನೇಜರನ್ನು ಅತ್ತೆ ಮಾಡಿಕೊಂಡು ಕತೆ ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಕಪ್ಪು ಪರದೆಯಲ್ಲಿ ಇಬ್ಬರು ಮುದುಕಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.